ಗಾಜಿನ ಮೇಲಿನ ಪೆನ್ಸಿಲ್ ಗೆರೆ

ಚಿನ್ನಮನೂರಿನ ನಮ್ಮ ಮನೆಯಲ್ಲಿ ಒಂದು ಪರದೆಯ ಆಚೆ ತಮಿಳು, ಈಚೆ ಕನ್ನಡ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ಅಲ್ಲಿ ಬರುವವರು, ಹೋಗುವವರು, ಬೈಯುವವರು, ಚೌಕಾಸಿ ಮಾಡುವವರು ಎಲ್ಲರೂ ತಮಿಳಿನಲ್ಲಿ. ಕಪ್ಪು ಪರದೆ ಸರಿಸಿ ನಡುಮನೆಗೆ ಕಾಲಿಟ್ಟರೆ ಅಜ್ಜಿಯ ಗಂಟಲು ಕೇಳುತ್ತಿತ್ತು, ಅದು ಕನ್ನಡ. ನೀವು ಓದುತ್ತಿರುವ ಈ ಕನ್ನಡವಲ್ಲ, ಬಿಡಿ. ಇದನ್ನು ನಾನು ಕಲಿತದ್ದು ಬಹಳ ತಡವಾಗಿ, ಗಂಡನ ನೌಕರಿಗೆಂದು ಮೈಸೂರಿನಲ್ಲಿದ್ದಾಗ. ಅಲ್ಲಿ ನಾನು ಮೊದಲ ಸಲ ಬಾಯಿ ಬಿಟ್ಟಾಗ ಪಕ್ಕದ ಮನೆಯಾಕೆ 'ನೀವು ಯಾವ ಕಡೆಯವರು?' ಎಂದು ಕೇಳಿ, ತಮಿಳುನಾಡಿನ ತೇನಿ ಕಡೆಯವಳೆಂದರೂ ನಂಬದೆ ಹೋದಳು. ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಜನರೆಲ್ಲ ಮಣ್ಣಿನವರು. ಭತ್ತ, ಬಾಳೆ, ತೆಂಗು, ಕಂಬಂ ಕಡೆಗೆ ಹೋದರೆ ದ್ರಾಕ್ಷಿ ಚಪ್ಪರ, ಇದರಲ್ಲೇ ಹುಟ್ಟಿ ಇದರಲ್ಲೇ ಮಣ್ಣಾಗುವವರು. ಅಪ್ಪನೊಬ್ಬ ನೇಗಿಲು ಬಿಟ್ಟು ಕ್ಯಾಮೆರಾ ಹಿಡಿದ. ಮದುವೆ ಮನೆಗಳಲ್ಲಿ ಅವನನ್ನು ನೆಂಟರು 'ಕಪ್ಪುಬಟ್ಟೆ' ಎಂದೇ ಕರೆಯುತ್ತಿದ್ದರು. ಅಪ್ಪ ನಗುತ್ತಿದ್ದ. ಯಾರು ಏನೆಂದರೂ ನಕ್ಕುಬಿಡುವ ಸ್ವಭಾವ ಅವನದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದರಲ್ಲೂ ಅಜ್ಜಿಯ ಎದುರಿಗೆ ಅವನ ಕೈಗೆ ಕೋಲು ಬಂದದ್ದನ್ನೇ ನಾನು ನೋಡಿಲ್ಲ.

ಅಪ್ಪನ ಕ್ಯಾಮೆರಾ ತೇಗದ ಮರದ್ದು, ಮೂರು ಕಾಲಿನ ಮೇಲೆ ನಿಲ್ಲುವಂಥದ್ದು. ಮುಂದೆ ಹಿತ್ತಾಳೆಯ ಕಟ್ಟಿನ ಲೆನ್ಸು, ಹಿಂದೆ ಅಂಗೈಗಿಂತ ದೊಡ್ಡದಾದ ಮಸುಕು ಗಾಜು, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ ಮಡಿಕೆಯ ತೊಗಲು. ಕಪ್ಪು ಬಟ್ಟೆ ಹೊದ್ದು ಆ ಗಾಜು ನೋಡಿದರೆ ಲೋಕವೆಲ್ಲ ತಲೆಕೆಳಗಾಗಿ, ಬಣ್ಣ ಸಹಿತ ಕಾಣುತ್ತಿತ್ತು. ಮೊದಲು ಅದಕ್ಕೆ ಒಂದೊಂದೇ ಬಿಡಿ ಹಾಳೆಯ ಫಿಲಂ ಹಾಕುತ್ತಿದ್ದ. ಆ ಹಾಳೆಗಳು ಮಧುರೆಯಿಂದ ಬರಬೇಕಿತ್ತು. ಬರಬರುತ್ತ ಅವು ಬರುವುದೇ ನಿಂತಿತು. ಅಂಗಡಿಯವರು ಎಲ್ಲಿ ಕೇಳಿದರೂ ಸುರುಳಿ ಫಿಲಂ ತೋರಿಸುತ್ತಿದ್ದರು. ಸುರುಳಿಗೆ ಬೇರೆ ಸಣ್ಣ ಕ್ಯಾಮೆರಾ ಬೇಕು. ಈ ದೊಡ್ಡ ಪೆಟ್ಟಿಗೆಯನ್ನು ಮಾರಿಬಿಡು ಎಂದು ಅಜ್ಜಿ ಹೇಳಿದಳು, ಚಿಕ್ಕಪ್ಪ ಹೇಳಿದ. ಅಪ್ಪ ಎಂದಿನಂತೆ ನಕ್ಕ. ಆಮೇಲೊಂದು ಬೆಳಗ್ಗೆ ಕ್ಯಾಮೆರಾ ಹೊತ್ತು, ನನ್ನನ್ನೂ ಕರೆದುಕೊಂಡು ದಿಂಡಿಗಲ್ ಬಸ್ಸು ಹತ್ತಿದ. ಅಲ್ಲಿ ಮುಚ್ಚುತ್ತಿದ್ದ ಒಂದು ಹಳೆಯ ಸ್ಟುಡಿಯೋದಲ್ಲಿ ಅವನಿಗೆ ಬೇಕಾದ ವಸ್ತು ಇತ್ತು. ಅದಕ್ಕೆ ರೋಲ್ ಬ್ಯಾಕ್ ಎನ್ನುತ್ತಿದ್ದರು. ಊಟದ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆ. ಒಳಗೆ ಸುರುಳಿ ಫಿಲಂ ಕೂರಿಸುವ ಎರಡು ಗುಂಡಿ, ಬದಿಯಲ್ಲಿ ಸುತ್ತುವ ಕೀಲಿ, ಬೆನ್ನಿಗೆ ಫಿಲಂ ನಂಬರು ಕಾಣುವ ಕೆಂಪು ಕಿಂಡಿ. ದೊಡ್ಡ ಕ್ಯಾಮೆರಾದ ಗಾಜು ತೆಗೆದು ಆ ಜಾಗಕ್ಕೆ ಇದನ್ನು ಸಿಕ್ಕಿಸಿದರೆ ಹಳೆಯ ಪೆಟ್ಟಿಗೆಯೇ ಹೊಸ ಫಿಲಂ ತಿನ್ನುತ್ತದೆ ಎಂದು ಅಪ್ಪ ಹೋಗುವ ದಾರಿಯುದ್ದಕ್ಕೂ ನನಗೆ ಹೇಳುತ್ತಿದ್ದ.

ಆದರೆ ಅದು ನಮ್ಮ ಕ್ಯಾಮೆರಾಕ್ಕೆ ಕೂರಲಿಲ್ಲ. ಯಾವುದೋ ಬೇರೆ ಕ್ಯಾಮೆರಾಕ್ಕೆ ಮಾಡಿದ ಪೆಟ್ಟಿಗೆ ಅದು. ಸ್ಟುಡಿಯೋದವರೇ ನಮ್ಮನ್ನು ಒಬ್ಬ ಬೀಗ ಮಾಡುವವನ ಹತ್ತಿರ ಕಳಿಸಿದರು. ದಿಂಡಿಗಲ್ಲಿನಲ್ಲಿ ಬೀಗದವರಿಗೆ ಬರವೇ? ಅವನು ಹಿತ್ತಾಳೆಯ ಎರಡು ಕೊಂಡಿ ತೀಡಿ ಕೊಟ್ಟ, ಬಡಗಿಯೊಬ್ಬನಿಂದ ತೇಗದ ಚೌಕಟ್ಟು ಮಾಡಿಸಿಕೊಟ್ಟ, ಪೆಟ್ಟಿಗೆ ಟಕ್ಕೆಂದು ಕೂತುಕೊಂಡಿತು. ಅಪ್ಪ ಕುಣಿಯುವುದೊಂದು ಬಾಕಿ. ಮನೆಗೆ ಬಂದು ಮೊದಲ ಸುರುಳಿ ತೊಳೆದರೆ ಪ್ರತಿಯೊಬ್ಬರ ಮುಖದ ಮೇಲೂ ಒಂದು ಬಿಳಿ ಪಟ್ಟೆ. ಚೌಕಟ್ಟಿನ ಸಂದಿನಲ್ಲಿ ಬೆಳಕು ನುಗ್ಗಿತ್ತು. ಮತ್ತೆ ದಿಂಡಿಗಲ್, ಮತ್ತೆ ಬೀಗದವನು, ಮತ್ತೆ ಪಟ್ಟೆ. ಕೊನೆಗೆ ಅಮ್ಮ ತನ್ನ ಕಿವಿಯೋಲೆಯ ಡಬ್ಬಿಯೊಳಗಿನ ಕಪ್ಪು ಮಖಮಲ್ಲು ಕಿತ್ತು ಕೊಟ್ಟಳು, ಅಪ್ಪ ಅದನ್ನು ಸುತ್ತಲೂ ಅಂಟಿಸಿದ, ಬೆಳಕು ನಿಂತಿತು. ಓಲೆ ಮಾತ್ರ ಅಲ್ಲಿಂದ ಮುಂದೆ ಬರಿಯ ಡಬ್ಬಿಯಲ್ಲಿ ಗಲಗಲ ಎನ್ನುತ್ತಿತ್ತು. ಅಮ್ಮ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು.

ಈ ರೋಲ್ ಬ್ಯಾಕಿನಲ್ಲಿ ಒಂದು ತೊಡಕಿತ್ತು. ಈ ಅಧ್ಯಾಯವೆಲ್ಲ ಆ ತೊಡಕಿನದೇ ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ. ಗಾಜು ದೊಡ್ಡದು, ಸುರುಳಿ ಫಿಲಂ ಸಣ್ಣದು. ಗಾಜಿನಲ್ಲಿ ಇಡೀ ಅಂಗಳ ಕಾಣಿಸಿದರೂ ಫಿಲಂ ಮೇಲೆ ಬೀಳುವುದು ಅದರ ನಡುಭಾಗ ಮಾತ್ರ. ಸುತ್ತಲೂ ಇದ್ದದ್ದು, ಕಣ್ಣಿಗೆ ಕಂಡದ್ದು, ಫಿಲಮ್ಮಿಗೆ ಸಿಗುವುದಿಲ್ಲ. ಆದ್ದರಿಂದ ಅಪ್ಪ ಅಳತೆ ಹಿಡಿದು ಗಾಜಿನ ಒರಟು ಮೈಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚೌಕ ಎಳೆದ. ಚೌಕದ ಒಳಗಿದ್ದವರು ಪಡದಲ್ಲಿ ಇರುತ್ತಾರೆ, ಹೊರಗಿದ್ದವರು ಇರುವುದಿಲ್ಲ. ಪಡ ಎಂದರೆ ಚಿತ್ರ, ಫೋಟೋ. ನಮ್ಮ ಮನೆಯಲ್ಲಿ ಹಾಗೇ ಅನ್ನುತ್ತಿದ್ದೆವು. ಬಟ್ಟೆ ಹೊದ್ದು ಚೌಕದೊಳಗೆ ಜನರನ್ನು ಹೊಂದಿಸುವುದು, ಲೆನ್ಸು ಮುಚ್ಚುವುದು, ಗಾಜು ತೆಗೆದು ಪೆಟ್ಟಿಗೆ ಸಿಕ್ಕಿಸುವುದು, ಫಿಲಂ ಮುಂದಿನ ತೆಳು ತಗಡು ಎಳೆಯುವುದು, ಒತ್ತುವುದು, ತಗಡು ಹಾಕುವುದು, ಮುಂದಿನ ನಂಬರು ಬರುವ ತನಕ ಕೀಲಿ ಸುತ್ತುವುದು. ಇದರಲ್ಲಿ ಒಂದು ಮರೆತರೂ ಕೆಟ್ಟಿತು. ಅಪ್ಪ ಒಂದೊಂದನ್ನೂ ತಮಿಳಿನಲ್ಲಿ ಬಾಯಲ್ಲಿ ಗುಣುಗುಣಿಸಿಕೊಂಡೇ ಮಾಡುತ್ತಿದ್ದ. ಗಿರಾಕಿಗಳು ಮಂತ್ರ ಎಂದುಕೊಳ್ಳುತ್ತಿದ್ದರು.

ತೆಗೆದ ಫಿಲಂ ತೊಳೆಯುವವಳು ಈರಮ್ಮತ್ತೆ. ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಒಡ್ಡನ್‌ಛತ್ರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತರಕಾರಿ ಮಂಡಿಯವನು. ಅವನು ಇನ್ನೊಬ್ಬಳನ್ನು ಮನೆಗೇ ಕರೆತಂದ ಮರುದಿನ ಅತ್ತೆ ಒಂದು ಟ್ರಂಕು ಹಿಡಿದು, ನುಗ್ಗೆಕಾಯಿ ಕಟ್ಟು ತುಂಬಿದ ಲಾರಿಯಲ್ಲಿ ಡ್ರೈವರಿನ ಪಕ್ಕ ಕೂತು ತೇನಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಬಂದಿಳಿದಳು. ನಾನು ಆಗ ತೊಟ್ಟಿಲಲ್ಲಿದ್ದೆನಂತೆ. ಅಜ್ಜಿ ಬಾಗಿಲಲ್ಲೇ ನಿಂತು ಗಂಡ ಎಂಥವನಾದರೂ ಹೆಣ್ಣು ಅಲ್ಲೇ ಬೇರು ಬಿಡಬೇಕು ಎಂದು ಹೇಳಿದಳಂತೆ. ಅತ್ತೆ ಟ್ರಂಕು ಒಳಗಿಟ್ಟು ಮೊದಲು ನೀರು ಕುಡಿದಳಂತೆ. ಅವಳನ್ನು ಹೊರಗೆ ಹಾಕಲಿಲ್ಲ, ಆದರೆ ಒಳಗೂ ಪೂರ್ತಿ ಸೇರಿಸಿಕೊಳ್ಳಲಿಲ್ಲ. ಅಡಿಗೆ ಅವಳದು, ದನದ ಕೆಲಸ ಅವಳದು, ನನ್ನ ಜಡೆ ಅವಳದು. ಮದುವೆ, ಸೀಮಂತ, ಬಳೆ ತೊಡಿಸುವ ಶಾಸ್ತ್ರ ಬಂದರೆ ಅವಳು ಹಿತ್ತಲಿಗೆ. ಭತ್ತದ ಕಣಜವಿದ್ದ ಕತ್ತಲ ಕೋಣೆಯ ಅರ್ಧವನ್ನು ಅಪ್ಪ ಫಿಲಂ ತೊಳೆಯಲು ಮಾಡಿಕೊಂಡಿದ್ದ. ಅವನಿಗೆ ಆ ಔಷಧಿಯ ಘಾಟು ಆಗುತ್ತಿರಲಿಲ್ಲ, ಸೀನು ಹಿಡಿಯುತ್ತಿತ್ತು. ಹೀಗಾಗಿ ಆ ಕೆಲಸವೂ ಅತ್ತೆಯ ಪಾಲಿಗೆ ಬಂತು. ಸುರುಳಿಯ ಎರಡು ತುದಿ ಹಿಡಿದು ಬೋಗುಣಿಯ ಔಷಧಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ, ನಾಟಿಯ ಹಾಡೊಂದನ್ನು ಹಾಡುವಳು. ಹಾಡು ಮುಗಿದರೆ ಫಿಲಂ ಆಯಿತು ಎಂದು ಲೆಕ್ಕ. ಚಿನ್ನಮನೂರಿನ ಅರ್ಧ ಜನರ ಮುಖ ಮೊದಲು ನೋಡಿದವಳು ಅವಳೇ, ಅದೂ ಕಪ್ಪು ಬಿಳಿ ತಿರುವುಮುರುವಾಗಿ.

ಅವಳದೊಂದು ಮುಖ ಮಾತ್ರ ಎಲ್ಲೂ ಇರಲಿಲ್ಲ. ಅವಳ ಮದುವೆಯ ಪಡ ಗಂಡನ ಮನೆಯ ಗೋಡೆಯಲ್ಲೇ ಉಳಿದಿತ್ತು. ಚಿಕ್ಕಪ್ಪನ ಮದುವೆ ಗೊತ್ತಾದಾಗ ಅತ್ತೆ ಅಪ್ಪನ ಹತ್ತಿರ ಬಂದು ನಿಂತದ್ದು ನನಗೆ ನೆನಪಿದೆ. ಅಪ್ಪ ಸ್ಟುಡಿಯೋದಲ್ಲಿ ಲೆನ್ಸು ಒರೆಸುತ್ತಿದ್ದ. ಅವಳು ಪರದೆಯ ಈಚೆಯೇ ನಿಂತಿದ್ದಳು.

"ಅಣ್ಣಾ, ಮದುವೇಲಿ ಎಲ್ಲಾರೂ ಸೇರಿ ಪಡ ಎತ್ತೀಯಲ್ಲ, ಅದರಾಗೆ ನಾನೂ ಒಂದು ಓರದಾಗೆ ನಿಂತ್ಕತ್ತೀನಿ."

"ಅದಕ್ಕೇನು ಕೇಳೋದು ಈರಮ್ಮಾ? ನೀನಿಲ್ದೆ ಪಡವಾ?"

"ಇಲ್ಲಣ್ಣಾ, ಅಮ್ಮ ಏನಾರ ಅಂದ್ರೂ ನೀ ವಸಿ ಗಟ್ಟಿ ನಿಂತ್ಕೋ. ನಾಳೆ ನಾನು ಸತ್ತೋದ್ಮೇಲೆ, ಇವಳು ಯಾವ ಮನೆಯೋಳು ಅಂತ ಯಾರಾರ ಕೇಳಿದ್ರೆ ತೋರ್ಸಾಕೆ ಒಂದು ಬ್ಯಾಡ್ವಾ?"

ನಮ್ಮ ಮನೆಗಳಲ್ಲಿ ಯಾವ ಶುಭಕಾರ್ಯಕ್ಕೂ ಮೊದಲು ತೀರಿಹೋದ ಹಿರಿಯರ ಪಡಗಳನ್ನು ನಡುಮನೆಯಲ್ಲಿ ಸಾಲಾಗಿ ಇಟ್ಟು, ಹೂವು ಹಾಕಿ, ಹೊಸ ಸೀರೆ ಪಂಚೆ ಇಟ್ಟು ಕೈ ಮುಗಿಯುತ್ತೇವೆ. ಗಂಡನ ಮನೆಯಲ್ಲಿ ತನಗೆ ಆ ಹೂವು ಸಿಗುವುದಿಲ್ಲವೆಂದು ಅತ್ತೆಗೆ ಗೊತ್ತಿತ್ತು. ಈ ಮನೆಯವರ ನಡುವೆ ತನ್ನ ಮುಖವೂ ಇದ್ದರೆ, ಆ ಸಾಲಿನಿಂದ ಯಾರೂ ಎತ್ತಿ ಬೇರೆ ಇಡಲಾರರು. ಅವಳು ಕೇಳಿದ್ದು ಅಷ್ಟೇ. ಅಪ್ಪ ಲೆನ್ಸು ಕೆಳಗಿಟ್ಟು, ತನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುವವನ ಹಾಗೆ ಆಗಲಿ ಎಂದ.

ಮದುವೆಗೆ ಮೊದಲು ಆಯುಧಪೂಜೆ ಬಂತು. ರೈತರು ನೇಗಿಲು ಕುಡುಗೋಲು ತೊಳೆದರೆ ನಮ್ಮಲ್ಲಿ ಕ್ಯಾಮೆರಾಕ್ಕೆ ಸ್ನಾನ. ಆ ಸಲ ಎಲ್ಲವನ್ನೂ ಅತ್ತೆ ತಾನೇ ಮಾಡುತ್ತೇನೆಂದು ಹಟ ಹಿಡಿದಳು. ತನ್ನ ಪಡ ತೆಗೆಯಲಿರುವ ಪೆಟ್ಟಿಗೆಯಲ್ಲವೇ! ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದಳು, ಕೊಬ್ಬರಿ ಎಣ್ಣೆ ಹಚ್ಚಿ ಮರ ಒರೆಸಿದಳು, ರೋಲ್ ಬ್ಯಾಕಿನ ತಗಡನ್ನು ಬಿಸಿಲಿಗೆ ಹಿಡಿದು ನೋಡಿ ನೋಡಿ ಒರೆಸಿದಳು. ಗಾಜಿನ ಚೌಕಟ್ಟು ಕಳಚಿ, ಸೀಗೆಪುಡಿ ಹಾಕಿ, ಎರಡೂ ಮೈ ಬೆಳ್ಳಗೆ ತೊಳೆದಳು. ಸಂಜೆಗೆ ಕ್ಯಾಮೆರಾ ಗಂಧ, ಕುಂಕುಮ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಮದುಮಗನಂತೆ ನಿಂತಿತ್ತು. ಅಪ್ಪ ಕರ್ಪೂರ ಹಚ್ಚಿದ, ಎಲ್ಲರೂ ಕೈ ಮುಗಿದೆವು. ಪೆನ್ಸಿಲ್ ಗೆರೆ ಸೀಗೆನೀರಿನ ಜೊತೆ ಬಚ್ಚಲಿಗೆ ಹೋದದ್ದು ನಮಗ್ಯಾರಿಗೂ ಹೊಳೆಯಲಿಲ್ಲ. ಸ್ಟುಡಿಯೋದೊಳಗೆ ಕುರ್ಚಿಗೂ ಕ್ಯಾಮೆರಾ ಕಾಲಿಗೂ ನೆಲದ ಮೇಲೆ ಬಣ್ಣದ ಗುರುತಿತ್ತು, ಒಬ್ಬೊಬ್ಬರ ಪಡಕ್ಕೆ ಗೆರೆ ಬೇಕಾಗಿಯೇ ಇರಲಿಲ್ಲ.

ಐಪ್ಪಸಿಯಲ್ಲಿ, ಅಂದರೆ ದೀಪಾವಳಿಯ ತಿಂಗಳಲ್ಲಿ, ಮದುವೆ. ಮಳೆ ಬಿಡುವು ಕೊಟ್ಟ ಬೆಳಗ್ಗೆ, ಹೊಸ ಚಿಕ್ಕಮ್ಮ ಮನೆಗೆ ಬಂದ ಮರುದಿನ, ಅಂಗಳದಲ್ಲಿ ಪಡ. ನಡುವೆ ಮದುಮಕ್ಕಳು, ಅಕ್ಕಪಕ್ಕ ಕುರ್ಚಿಗಳಲ್ಲಿ ಅಜ್ಜಿ ಮತ್ತು ಹೆಣ್ಣಿನ ಕಡೆಯ ಹಿರಿಯರು, ಹಿಂದೆ ನಿಂತವರು, ಮುಂದೆ ಚಾಪೆಯಲ್ಲಿ ಮಕ್ಕಳು. ನಾನು ಹಟ ಮಾಡಿ ಅಜ್ಜಿಯ ತೊಡೆ ಏರಿದ್ದೆ. ಅತ್ತೆ ಬಾಡಿದ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಅಡಿಗೆಮನೆಯಿಂದ ಬಂದಳು. ಮದುಮಗಳ ಹಿಂದೆ ಅಮ್ಮನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅತ್ತೆ ಅಲ್ಲಿಗೆ ಬಂದಳು. ಅಜ್ಜಿ ತಿರುಗಿ ನೋಡಿದಳು.

"ಏ ಈರಮ್ಮಾ, ಮದುಮಗ್ಳ ಬೆನ್ನಿಂದೆ ನಿಂಗೇನು ವೇಲೆ, ಏನು ಕೆಲ್ಸ? ಗಂಡನ್ನ ಬಿಟ್ಟು ಬಂದೋಳ ನೆಳ್ಳು ಇವತ್ತೇ ಬೀಳ್ಬೇಕಾ ಅದರ ಮ್ಯಾಲೆ? ಆ ಕಡೆ ಓಗು, ಓರಕ್ಕೆ!"

ಬೀಗರ ಎದುರಿಗೆ ಈ ಮಾತು. ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಬಟ್ಟೆಯೊಳಗೆ ತಲೆ ಹಾಕಿಕೊಂಡ. ಅತ್ತೆ ಹಿಂದಿನ ಸಾಲಿನಿಂದ ಇಳಿದು ಎಲ್ಲರಿಗಿಂತ ಕೊನೆಯಲ್ಲಿ, ಅಜ್ಜಿಯ ಕಡೆಯ ತುದಿಯಲ್ಲಿ, ಒಂದು ಕೈ ಅಗಲ ಬಿಟ್ಟು ನಿಂತಳು. ಕ್ಯಾಮೆರಾ ಹಿಂದೆ ಸರಿಸಲು ಜಾಗವಿರಲಿಲ್ಲ, ಅಪ್ಪನ ಬೆನ್ನಿಗೆ ಹುಲ್ಲಿನ ಮೆದೆ ತಾಗುತ್ತಿತ್ತು. ಬಟ್ಟೆಯೊಳಗೆ ಅವನು ಬಹಳ ಹೊತ್ತು ಇದ್ದ. ಚಿಕ್ಕಪ್ಪ ಬೆವರೊರೆಸಿಕೊಂಡ. ಅಪ್ಪ ಹೊರಗೆ ಬಂದು ಗಾಜು ತೆಗೆದು ಪೆಟ್ಟಿಗೆ ಸಿಕ್ಕಿಸಿ, ತಗಡು ಎಳೆದ.

"ಎಲ್ಲಾ ಸರಿಯಾಗಿದೆ. ಯಾರೂ ಅಲ್ಲಾಡ್ಬ್ಯಾಡಿ."

ಫಿಲಂ ತೊಳೆದದ್ದು ಅತ್ತೆಯೇ. ಕಣಜದ ಕೋಣೆಯಿಂದ ಹಾಡು ಕೇಳಿ, ಮುಗಿದು, ಆಮೇಲೆ ತುಂಬ ಹೊತ್ತು ಬಾಗಿಲು ತೆರೆಯಲಿಲ್ಲ. ಬಂದವಳು ಒದ್ದೆ ಸುರುಳಿಯನ್ನು ದಾರಕ್ಕೆ ಸಿಕ್ಕಿಸಿ ಅಕ್ಕಿ ತೊಳೆಯಲು ಹೋದಳು. ಮರುದಿನ ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾಗದಕ್ಕೆ ಇಳಿಸಿ ತಂದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದೆವು. ಮದುಮಕ್ಕಳಿದ್ದರು, ಅಜ್ಜಿಯಿದ್ದಳು, ತೊಡೆಯ ಮೇಲೆ ನಾನಿದ್ದೆ, ಬೀಗರಿದ್ದರು. ಅತ್ತೆ ಇರಲಿಲ್ಲ. ಅವಳಿದ್ದ ಕಡೆ ಪಡದ ಅಂಚಿನಲ್ಲಿ ನೇರಳೆ ಸೀರೆಯ ಒಂದು ಮಡಿಕೆ, ಬೆರಳಗಲ, ಅಷ್ಟೇ. ಅಮ್ಮ ಅಯ್ಯೋ ಎಂದಳು. ಅಪ್ಪ ಓಡಿಹೋಗಿ ಗಾಜು ತಂದು ಬೆಳಕಿಗೆ ಹಿಡಿದ.

"ಗೆರೆ ಎಲ್ಲಿ? ಗಾಜಿನ ಮ್ಯಾಲಿನ ಗೆರೆ ಯಾರು ಒರಸಿದ್ದು?"

"ನಾನೇ ಅಣ್ಣಾ," ಎಂದಳು ಅತ್ತೆ ಅಡಿಗೆಮನೆಯ ಬಾಗಿಲಿನಿಂದ. "ಪೂಜೆ ದಿನ ತೊಳೆದ್ನಲ್ಲ, ಅದರಾಗೇ ಓಗಿರ್ಬೇಕು."

ಎಲ್ಲರಿಗೂ ನಿರಾಳವಾಯಿತು. ಇದನ್ನು ಬರೆಯಲು ನನಗೆ ನಾಚಿಕೆ, ಆದರೆ ಆದದ್ದು ಅದೇ. ತಪ್ಪು ಯಾರದೆಂದು ಗೊತ್ತಾಯಿತು, ತಪ್ಪು ಮಾಡಿದವಳಿಗೇ ನಷ್ಟವಾಯಿತು, ಇನ್ನು ಮಾತಾಡಲು ಏನಿದೆ? 'ಮಾಡಿದ್ದುಣ್ಣೋ ಮಾರಾಯ' ಎಂದಳು ಅಜ್ಜಿ. ಅಪ್ಪ ಗಾಜು ಹಿಡಿದುಕೊಂಡೇ ನಿಂತಿದ್ದ. ಆ ಪಡಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಅದರ ಧೂಳು ಒರೆಸುವವಳೂ ಅತ್ತೆಯೇ. ಬಂದ ನೆಂಟರು ಒಬ್ಬೊಬ್ಬರನ್ನೂ ಗುರುತಿಸಿ, ಈರಮ್ಮ ಎಲ್ಲಿ ಎಂದು ಕೇಳುವರು. ತನ್ನನ್ನು ತಾನೇ ಸೀಗೆಪುಡಿ ಹಾಕಿ ತೊಳೆದುಕೊಂಡಳು ಎಂದು ಅಜ್ಜಿ ಹೇಳುವಳು, ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಕೆಲವು ಸಲ ಅಜ್ಜಿ ಮರೆತರೆ ನಾನೇ ನೆನಪಿಸಿ ಹೇಳಿಸುತ್ತಿದ್ದೆ.

ಅಪ್ಪ ಮಾತ್ರ ಅಲ್ಲಿಂದ ಮುಂದೆ ವಿಚಿತ್ರವಾದ. ಕಂಬಂ ಕಡೆ ಮದುವೆ ಪಡಕ್ಕೆ ಹೋದರೆ ಪನ್ನೀರು ದ್ರಾಕ್ಷಿ ತರುತ್ತಿದ್ದ, ಅದು ಅತ್ತೆಗೆ. ತೇನಿಗೆ ಹೋದರೆ ಮಲ್ಲಿಗೆ ತರುತ್ತಿದ್ದ, ಅಮ್ಮನಿಗೆ ಒಂದು ಮೊಳವಾದರೆ ಅತ್ತೆಗೆ ಎರಡು. ಅಮ್ಮ ಮುಖ ಗಂಟಿಕ್ಕುತ್ತಿದ್ದಳು. ಗಾಜಿನ ಮೇಲೆ ಹೊಸ ಗೆರೆಯನ್ನು ಪೆನ್ಸಿಲ್ಲಿನಿಂದ ಎಳೆಯದೆ, ಸೂಜಿಯಿಂದ ಗೀರಿದ. ಗುಂಪಿನ ಪಡ ತೆಗೆಯುವಾಗಲೆಲ್ಲ ತುದಿಯಲ್ಲಿದ್ದವರ ಹತ್ತಿರ ತಾನೇ ಹೋಗಿ, ತೋಳು ಹಿಡಿದು, 'ಉಳ್ಳ ವಾಂಗ, ಇನ್ನುಂ ಉಳ್ಳ ವಾಂಗ' ಎಂದು ಒಳಗೆ, ಇನ್ನೂ ಒಳಗೆ ತಳ್ಳುತ್ತಿದ್ದ. ಜನ ಒಬ್ಬರ ಕಾಲನ್ನೊಬ್ಬರು ತುಳಿದುಕೊಂಡು ಇಕ್ಕಟ್ಟಿನಲ್ಲಿ ನಿಲ್ಲುವರು. 'ಉಳ್ಳ ವಾಂಗ' ಎಂದೇ ಊರಿನಲ್ಲಿ ಅವನಿಗೆ ಹೊಸ ಹೆಸರು ಬಿತ್ತು. ಅತ್ತೆಗೆ ಒಂದು ಪಡ ತೆಗೆಯುತ್ತೇನೆಂದು ಬೆನ್ನು ಹತ್ತಿದ. ಅವಳು ನಕ್ಕಳು.

"ಒಂಟಿ ಪಡ ಇಟ್ಕಂಡು ನಾ ಏನ್ಮಾಡ್ಲಿ ಅಣ್ಣಾ? ನಾನು ಒಂಟಿ ಅಂತ ಊರಿಗೇ ಗೊತ್ತು."

ಮತ್ತೆ ಎಲ್ಲರೂ ಸೇರಿ ತೆಗೆಸಿಕೊಳ್ಳೋಣ ಎಂದರೆ ಚಿಕ್ಕಪ್ಪ ಹೆಂಡತಿಯ ಊರಿನ ಕಡೆ ತೋಟ ಮಾಡಿಕೊಂಡು ಹೋಗಿದ್ದ. ಅವರು ಪೊಂಗಲ್ಲಿಗೆ ಬಂದಾಗ ಅಪ್ಪ ಕ್ಯಾಮೆರಾ ನಿಲ್ಲಿಸಿದರೆ ಅತ್ತೆಗೆ ಒಲೆಯ ಮೇಲೆ ಏನಾದರೂ ಇರುತ್ತಿತ್ತು. ಕರೆಯಲು ಹೋದ ನನಗೆ 'ನೀವು ಎತ್ಕಳಿ, ನಂಗೆ ಸಾರು ಉಕ್ಕತ್ತೆ' ಎನ್ನುವಳು. ಆಮೇಲೆ ಅಜ್ಜಿ ತೀರಿಕೊಂಡಳು. ಆ ಸಾಲು ಇನ್ನು ಕೂಡುವಂತೆಯೇ ಇರಲಿಲ್ಲ.

ಹೈಸ್ಕೂಲಿನ ಕೊನೆಯ ವರ್ಷಕ್ಕೆ ನಾನು ಬರುವಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗತೊಡಗಿತ್ತು. ಮಸುಕು ಗಾಜಿನಲ್ಲಿ ಗೀರಿದ ಗೆರೆ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮೊದಲು ಗೆರೆ ನೋಡಿ ಹೇಳುವುದು ನನ್ನ ಕೆಲಸವಾಯಿತು, ಆಮೇಲೆ ಇಡೀ ಪಡವೇ. ನಮ್ಮ ತರಗತಿಯ ಬೀಳ್ಕೊಡುಗೆ ಪಡವನ್ನು ನಾನೇ ತೆಗೆದೆ. ಗೆಳತಿಯರೆದುರು ಬಟ್ಟೆ ಹೊದ್ದು ನಿಂತ ಜಂಬವೇನು ಕೇಳುತ್ತೀರಿ! ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರನ್ನೂ ತುಂಬಿಸಿದೆ. ಗೆರೆಯ ಕಡೆ ನೋಡಲೇ ಇಲ್ಲ. ಮರೆತೇಬಿಟ್ಟೆ. ಅತ್ತೆ ಫಿಲಂ ತೊಳೆದಳು, ಮರುದಿನ ಮಧ್ಯಾಹ್ನ ನಾನೂ ಅವಳೂ ಸೇರಿ ಕಾಗದಕ್ಕೆ ಇಳಿಸಿದೆವು. ಹಿಂದಿನ ಸಾಲಿನವರಿಗೆ ತಲೆಯಿಲ್ಲ. ಚಾಪೆಯ ಮೇಲೆ ಕೂತವರಿಗೆ ಕಾಲಿಲ್ಲ. ಎಡಗಡೆ ಇಬ್ಬರು ಟೀಚರು ಇಲ್ಲ, ಬಲಗಡೆ ಹೆಡ್ಮಿಸ್ಸು ಅರ್ಧ. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ಅಳು ಬರುತ್ತಿತ್ತು. ಬಾವಿಯ ಹತ್ತಿರ ತೊಟ್ಟಿಯಲ್ಲಿ ಕಾಗದ ತೊಳೆಯುತ್ತ ಅದನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನ್ನ ಅಳು ನಿಂತುಹೋಯಿತು. ಒದ್ದೆ ಕಾಗದ ಹಿಡಿದುಕೊಂಡೇ ನಡುಮನೆಗೆ ಹೋಗಿ ಗೋಡೆಯ ಪಡದ ಕೆಳಗೆ ನಿಂತೆ.

ಗೆರೆ ಮರೆತರೆ ಹೀಗಾಗುತ್ತದೆ. ಫಿಲಂ ನಾಲ್ಕೂ ಕಡೆ ಕತ್ತರಿಸುತ್ತದೆ, ಮೇಲೆ ಕೆಳಗೆ ಆಚೆ ಈಚೆ ಎನ್ನುವ ಭೇದ ಅದಕ್ಕಿಲ್ಲ. ಗೋಡೆಯ ಮೇಲಿನ ಪಡದಲ್ಲಿ ಒಬ್ಬರ ತಲೆಯೂ ಹೋಗಿರಲಿಲ್ಲ, ಒಂದು ಕಾಲ್ಬೆರಳೂ ಹೋಗಿರಲಿಲ್ಲ. ಬೀಗರ ಕಡೆಯ ತುದಿಯಲ್ಲಿ ಕೊನೆಯ ಮಾವನ ಅಂಗಿಯ ತೋಳು ಪೂರ್ತಿ ಇತ್ತು, ಅದರಾಚೆ ಕೂದಲೆಳೆಯಷ್ಟು ಗೋಡೆಯೂ ಇತ್ತು. ಮದುಮಕ್ಕಳು ಸರಿಯಾಗಿ ನಡುವೆ. ಹೋದದ್ದು ಒಬ್ಬಳೇ. ಗೆರೆಯಿಲ್ಲದ ಗಾಜಿನಲ್ಲೂ ಚೌಕ ಎಲ್ಲಿ ಮುಗಿಯುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಎಷ್ಟೊಂದು ಮದುವೆ ತೆಗೆದ ಕಣ್ಣು ಅದು. ಬಟ್ಟೆಯೊಳಗೆ ಆವತ್ತು ಅವನು ಅಷ್ಟು ಹೊತ್ತು ಏನು ಮಾಡುತ್ತಿದ್ದ ಎಂದು ನನಗೆ ಆಗ ಗೊತ್ತಾಯಿತು. ಅತ್ತೆ ಚೌಕದ ಆಚೆ ನಿಂತಿದ್ದಾಳೆ. ಹಿಂದೆ ಸರಿಯಲು ಜಾಗವಿಲ್ಲ. ಅವಳನ್ನು ಒಳಗೆ ತರಬೇಕಾದರೆ ಮದುಮಗಳ ಬೆನ್ನ ಹಿಂದಿನ ಆ ಒಂದೇ ಜಾಗಕ್ಕೆ ಕರೆಯಬೇಕು. ಕರೆದರೆ ಅಜ್ಜಿ ಬೀಗರೆದುರು ಮತ್ತೆ ಬಾಯಿ ತೆರೆಯುತ್ತಾಳೆ. ಅಪ್ಪ ಲೆಕ್ಕ ಹಾಕಿ, ಸರಿಯಾಗಿದೆ ಎಂದು ಹೇಳಿ, ಒತ್ತಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೆರೆ ಯಾರು ಒರೆಸಿದ್ದೆಂದು ಅಷ್ಟು ಜೋರಾಗಿ ಕೇಳಿದ್ದು ಅದಕ್ಕೇ. ದ್ರಾಕ್ಷಿ, ಮಲ್ಲಿಗೆ, ಉಳ್ಳ ವಾಂಗ, ಎಲ್ಲವೂ ಅದಕ್ಕೇ.

ಅತ್ತೆ ನನ್ನನ್ನು ಹುಡುಕಿಕೊಂಡು ಬಂದಳು. ನನ್ನ ಕೈಯ ಕಾಗದ ನೋಡಿದಳು, ನಾನು ನೋಡುತ್ತಿದ್ದ ಗೋಡೆ ನೋಡಿದಳು.

"ಅತ್ತೆ, ಗೆರೆ ಮರೆತಿದ್ರೆ ತಲೆನೂ ಓಗಬೇಕಾಗಿತ್ತಲ್ವಾ?"

"ಮೆತ್ತಗೆ ಮಾತಾಡು ಪಾಪಾ. ಅಣ್ಣ ಮುಂದ್ಲ ಕೋಣೇಲಿ ಅವನೆ."

"ನಿಂಗೆ ಗೊತ್ತಿತ್ತಾ?"

"ಫಿಲಂ ಎತ್ತಿ ನೋಡ್ದಾಗ್ಲೇ ಗೊತ್ತಾಯ್ತು. ಊರ್ನೋರ ಪಡಾನೆಲ್ಲಾ ತೊಳ್ದೋಳು, ಇಷ್ಟು ಗೊತ್ತಾಗಾಕಿಲ್ವಾ?"

"ಮತ್ತೆ ನಾನೇ ಒರಸ್ದೆ ಅಂತ ಯಾಕೆ ಏಳ್ದೆ?"

"ಒರಸ್ದೋಳು ನಾನೇ ತಾನೆ? ಅದೇನು ಸುಳ್ಳಾ?" ಅತ್ತೆ ನನ್ನ ಕೈಯಿಂದ ಒದ್ದೆ ಕಾಗದ ತೆಗೆದುಕೊಂಡಳು. "ನಂಗೆ ಗೊತ್ತು ಅಂತ ಅಣ್ಣಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಾ ಇಕ್ಕಿದ ಅನ್ನ ಅವಂಗೆ ಒಳಗೆ ಇಳಿಯಾಕಿಲ್ಲ. ಆಮ್ಯಾಲೆ ನಾನು ಈ ಮನೇಲಿ ಎಂಗಿರ್ಲಿ? ಇದನ್ನ ಅವನು ನೋಡ್ಬಾರ್ದು. ನೋಡಿದ್ರೆ ನಿನ್ನಂಗೇ ಅವನೂ ಗೋಡೆ ನೋಡ್ತಾನೆ."

ನನ್ನ ಪಡವನ್ನು ಅವಳು ಒಲೆಗೆ ಹಾಕಿದಳು. ಒದ್ದೆಯಿದ್ದದ್ದರಿಂದ ಅದು ಬೇಗ ಹತ್ತಿಕೊಳ್ಳಲಿಲ್ಲ. ಊದುಕೊಳವೆ ತೆಗೆದುಕೊಂಡು ಊದಿದಳು. ಫಿಲಮ್ಮನ್ನೂ ಕತ್ತರಿಸಿ ಹಾಕಿದಳು, ಅಡಿಗೆಮನೆ ತುಂಬ ಕೆಟ್ಟ ಹೊಗೆ ಎದ್ದಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿ ಇದ್ದಷ್ಟು ವರ್ಷ ಅವಳ ಜೊತೆ ಸೇರಿ ನಾನು ನಗುತ್ತಿದ್ದಾಗ ಅತ್ತೆ ಇದೇ ಬಾಗಿಲಿನಿಂದ ನನ್ನನ್ನು ನೋಡುತ್ತಿದ್ದಳು. ಅವಳ ಕಾಲು ಹಿಡಿಯಬೇಕು ಎನಿಸಿತು. ಹಿಡಿಯಲಿಲ್ಲ. ಸೊಪ್ಪು ಸೋಸಿಕೊಡು ಎಂದಳು, ಸೋಸಿಕೊಟ್ಟೆ.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತೆವು. ಅಪ್ಪ ಕೈ ತೊಳೆದು ಬಂದು ನನ್ನ ಪಕ್ಕ ಕೂತ. ಸ್ಕೂಲಿನವರು ನಾಳೆ ಪಡ ಕೇಳಿಕೊಂಡು ಬರುತ್ತಾರೆಂದು ಅವನಿಗೆ ನೆನಪಿತ್ತು.

"ಎಲ್ಲಿ ಪಾಪಾ, ನಿನ್ನ ಪಡ? ಗೆರೆ ನೋಡಿ ಎತ್ತಿದ್ಯಾ?"

ನಾನು ಅತ್ತೆಯ ಮುಖ ನೋಡಿದೆ. ಅವಳು ಅನ್ನದ ಪಾತ್ರೆ ಹಿಡಿದು ಬರುತ್ತಿದ್ದಳು.

"ಅವಳು ಸರಿಯಾಗೇ ಎತ್ತಿದ್ಲಣ್ಣಾ. ತೊಳೆಯಾಗ ನಾನೇ ಕೆಡಿಸ್ಬಿಟ್ಟೆ. ಬಿಸಿನೀರು ಜಾಸ್ತಿ ಆಗೋಯ್ತು."

ಅಪ್ಪನ ಕೈ ಎಲೆಯ ಮೇಲೆ ನಿಂತಿತು. ಅವನು ತಲೆಯೆತ್ತಿ ತಂಗಿಯನ್ನು ನೋಡಲಿಲ್ಲ.

"ಪರವಾಯಿಲ್ಲಮ್ಮಾ ಈರಮ್ಮಾ. ನೀ ಮನಸ್ಸಿಗೆ ಅಚ್ಕಬ್ಯಾಡ. ಇನ್ನೊಂದ್ಸಲ ಎತ್ತಿದ್ರಾಯ್ತು."

ಅತ್ತೆ ಅವನಿಗೆ ಬಡಿಸಿ, ನನ್ನ ಎಲೆಗೂ ಅನ್ನ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ಕೆಡಿಸಿದವಳು ನಾನು ಎಂದು ಹೇಳಲು ಅದಕ್ಕಿಂತ ಸುಲಭದ ಹೊತ್ತು ಇನ್ನೊಂದು ಸಿಗುತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನ ಪಕ್ಕ ಕೂತು, ತಲೆ ತಗ್ಗಿಸಿ, ನಾನೂ ಉಂಡೆ.